ಕಾರು ನಿಂತ ಜಾಗಕ್ಕೆ ಡಾಂಬರು ಬೀಳಲಿಲ್ಲ: ಬೆಂಗಳೂರು ಅಭಿವೃದ್ಧಿ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಸಚಿವರೇ,

ನಮಸ್ಕಾರ. ನಮ್ಮ ಕ್ರಾಸ್‌ನಲ್ಲಿ ಹೊಂಗೆ ಮರದ ಕೆಳಗೆ ಒಂದು ಬಿಳಿ ಓಮ್ನಿ ನಿಂತಿದೆ. ಬಿಳಿ ಅಂತ ನಮಗೆ ಗೊತ್ತು, ಹೊಸಬರಿಗೆ ಕಾಣುವುದು ಬರೀ ಧೂಳು. ನಾಲ್ಕೂ ಟೈರ್ ಕೂತುಬಿಟ್ಟಿವೆ. ಹಿಂದಿನ ಗಾಜು ಒಡೆದಿದೆ. ಸೀಟಿನ ಮೇಲೆ ಬಿದ್ದ ಎಲೆ ಕೊಳೆತು ಗೊಬ್ಬರವಾಗಿ ಅದರಲ್ಲಿ ಹುಲ್ಲು ಹುಟ್ಟಿದೆ. ಹೋದ ವರ್ಷ ರಸ್ತೆಗೆ ಡಾಂಬರು ಹಾಕಲು ಬಂದವರು ಅದನ್ನು ತಳ್ಳಿ ನೋಡಿದರು, ಅಲುಗಾಡಲಿಲ್ಲ. ಸುತ್ತ ಡಾಂಬರು ಹಾಕಿ ಹೋದರು. ಈಗ ಕಾರಿನ ಸುತ್ತ ಹೊಸ ರಸ್ತೆ, ಕೆಳಗೆ ಹಳೇ ರಸ್ತೆ. ಪೌರಕಾರ್ಮಿಕ ಅಕ್ಕ ದಿನಾ ಬೆಳಗ್ಗೆ ಬಗ್ಗಿ, ಪೊರಕೆಯ ಹಿಡಿಯಿಂದ ಅದರ ಅಡಿಯ ಕಸ ಎಳೆಯುತ್ತಾರೆ. ಅವರ ಬೆನ್ನು ನೋಡಿದರೆ ಸಂಕಟವಾಗುತ್ತದೆ.

ಗಾಜು ಒಡೆದ ಕಡೆಯಿಂದ ಮಳೆನೀರು ಒಳಗೆ ಇಳಿದು ನಿಲ್ಲುತ್ತದೆ. 2024ರಲ್ಲಿ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಎಂದು ಘೋಷಿಸಿತು. ನಗರದ ಮನೆಗಳಲ್ಲಿ ಸೊಳ್ಳೆ ಹುಟ್ಟುವಂತೆ ನೀರು ನಿಲ್ಲಿಸಿದರೆ 400 ರೂಪಾಯಿ ದಂಡ ಅಂತ ಮಾಡಿತು. ಒಳ್ಳೆಯ ಕೆಲಸವೇ. ನಾವು ಹೂಕುಂಡದ ತಟ್ಟೆಯನ್ನೂ ಒರೆಸಿಟ್ಟೆವು. ಆದರೆ ಮೊಟ್ಟೆ ಸೊಳ್ಳೆಯಾಗಲು ಒಂದು ವಾರ, ಹತ್ತು ದಿನ ಸಾಕು. ಈ ಕಾರು ಇಲ್ಲಿ ನಿಂತು ಮೂರು ವರ್ಷವಾಯಿತು.

ಒಂದು ರಾತ್ರಿ ಎದುರು ಮನೆಯ ಅಜ್ಜನಿಗೆ ಎದೆನೋವು ಬಂತು. ಆಂಬುಲೆನ್ಸ್ ಬೇಗನೇ ಬಂತು. ಒಂದು ಕಡೆ ಓಮ್ನಿ, ಇನ್ನೊಂದು ಕಡೆ ಚರಂಡಿಯ ಕಲ್ಲು. ಒಳಗೆ ತಿರುಗಲೇ ಇಲ್ಲ. ಅಜ್ಜನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ನಾಲ್ಕು ಜನ ಮೇನ್ ರೋಡ್ ತನಕ ಹೊತ್ತೆವು. ದೇವರ ದಯೆ, ಅವರು ಉಳಿದರು. ಕುರ್ಚಿಯ ಕಾಲು ಜಾರಿದಂತಾದ ಆ ಕ್ಷಣ ಮಾತ್ರ ನನಗೆ ಇನ್ನೂ ಮರೆತಿಲ್ಲ.

ಕಾನೂನು ಇಲ್ಲ ಅಂತಲ್ಲ. 1988ರ ಮೋಟಾರು ವಾಹನ ಕಾಯ್ದೆಯ 127ನೇ ಕಲಂ ಓದಿದೆ. ಸಾರ್ವಜನಿಕ ಜಾಗದಲ್ಲಿ 10 ಗಂಟೆ ಅಥವಾ ಅದಕ್ಕಿಂತ ಜಾಸ್ತಿ ಹೊತ್ತು ಬಿಟ್ಟುಹೋದ ಗಾಡಿಯನ್ನು ಎತ್ತಿಸುವ ಅಧಿಕಾರ ಆ ಜಾಗದ ಪೊಲೀಸ್ ಅಧಿಕಾರಿಗೆ ಇದೆ. ಎಳೆದೊಯ್ಯುವ ಖರ್ಚು ಮಾಲೀಕನದು. ಇಷ್ಟು ಸ್ಪಷ್ಟವಾಗಿ ಬರೆದಿದ್ದರೂ ನಾನು ಹೋದ ಕಡೆಯಲ್ಲೆಲ್ಲ ಇನ್ನೊಂದು ಬಾಗಿಲು ತೋರಿಸಿದರು. ಒಂದು ಕಚೇರಿಯಲ್ಲಿ ‘ಪೊಲೀಸರು ಬರೆದುಕೊಡಲಿ’ ಅಂದರು. ಇನ್ನೊಂದು ಕಡೆ ‘ರಸ್ತೆ ನಮ್ಮದಲ್ಲ, ಅವರನ್ನೇ ಕೇಳಿ’ ಅಂದರು. ಕೊನೆಗೆ ಒಬ್ಬ ಸಿಬ್ಬಂದಿ ನಿಜ ಹೇಳಿದರು: ‘ಎತ್ತಬಹುದು ಸರ್. ಎತ್ತಿ ಎಲ್ಲಿ ಇಡೋದು?’

ಅವರ ಮಾತೇ ಈ ಪತ್ರಕ್ಕೆ ಕಾರಣ. ಯಾವುದೇ ಪೊಲೀಸ್ ಠಾಣೆಯ ಮುಂದೆ ಹೋಗಿ ನೋಡಿ, ಜಪ್ತಿ ಮಾಡಿದ ಗಾಡಿಗಳು ಒಂದರ ಮೇಲೊಂದು ತುಕ್ಕು ಹಿಡಿಯುತ್ತಿರುತ್ತವೆ. ಜಪ್ತಿ ಮಾಡಿದ ವಾಹನಗಳನ್ನು ಠಾಣೆಯಲ್ಲಿ ವರ್ಷಗಟ್ಟಲೆ ಇಟ್ಟುಕೊಳ್ಳುವುದರಿಂದ ಪ್ರಯೋಜನವಿಲ್ಲ ಎಂದು ಸುಪ್ರೀಂ ಕೋರ್ಟ್ 2002ರಲ್ಲೇ ಸುಂದರ್‌ಭಾಯಿ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ ಹೇಳಿದೆ. ಅಲ್ಲಿ ಜಾಗ ಖಾಲಿ ಆಗದೆ ನಮ್ಮ ಬೀದಿ ಖಾಲಿ ಆಗುವುದಿಲ್ಲ, ಅಲ್ವಾ?

ಮಾಲೀಕರನ್ನು ಹುಡುಕುವುದೂ ಸುಲಭವಲ್ಲ. ಬಾಡಿಗೆ ಮನೆ ಬದಲಾದರೆ 30 ದಿನದೊಳಗೆ ಆರ್‌ಟಿಒಗೆ ಹೊಸ ವಿಳಾಸ ತಿಳಿಸಬೇಕು ಎಂದು ಕಾಯ್ದೆ ಹೇಳುತ್ತದೆ. ಎಷ್ಟು ಜನ ತಿಳಿಸುತ್ತಾರೆ? ನೋಟಿಸ್ ಹಳೇ ಮನೆಗೆ ಹೋಗಿ ವಾಪಸ್ ಬರುತ್ತದೆ.

ಎಲ್ಲರೂ ಬೇಜವಾಬ್ದಾರಿಯವರೇನಲ್ಲ. ಪಕ್ಕದ ಬೀದಿಯಲ್ಲಿ ಒಂದು ಹಳೇ ಸ್ಯಾಂಟ್ರೋ ಇದೆ. ಯಜಮಾನರು ತೀರಿಕೊಂಡಿದ್ದಾರೆ. ಆ ಅಮ್ಮ ಈಗಲೂ ಭಾನುವಾರ ಒಂದು ಬಟ್ಟೆ ಹಿಡಿದು ಅದರ ಮುಂದಿನ ಗಾಜು ಒರೆಸುತ್ತಾರೆ. ‘ಏನ್ ಮಾಡ್ಲಪ್ಪ, ಆರ್‌ಸಿ ಅವರ ಹೆಸರಲ್ಲಿದೆ. ಪೇಪರ್ ಇಲ್ದೆ ಗುಜರಿಯವನೂ ಮುಟ್ಟಲ್ಲ’ ಅಂದರು. ಇಂಥವರಿಗೆ ದಂಡ ಹಾಕಿದರೆ ಏನು ಬಂತು? ವಾರ್ಡ್ ಕಚೇರಿಯಲ್ಲಿ ತಿಂಗಳಿಗೊಂದು ದಿನ ಆರ್‌ಟಿಒದವರು ಕೂತು, ವಾರಸುದಾರರ ಹೆಸರಿಗೆ ಮಾಡುವುದೋ, ನೋಂದಣಿ ರದ್ದು ಮಾಡುವುದೋ ಅಲ್ಲೇ ಮುಗಿಸಿಕೊಡಲಿ. ಅರ್ಧಕ್ಕರ್ಧ ಗಾಡಿಗಳು ತಾವಾಗಿಯೇ ಹೋಗುತ್ತವೆ ಎಂದು ನನಗೆ ಅನಿಸುತ್ತದೆ.

2022ರಲ್ಲಿ ಟೋಯಿಂಗ್ ನಿಲ್ಲಿಸಿದಾಗ ನನಗೂ ಸಮಾಧಾನವಾಗಿತ್ತು. ಔಷಧಿ ತರಲು ಐದು ನಿಮಿಷ ನಿಲ್ಲಿಸಿದ ಸ್ಕೂಟರ್ ಎತ್ತಿಕೊಂಡು ಹೋಗುವ ಕಾಟ ಮತ್ತೆ ಬೇಡ. ನಾನು ಕೇಳುತ್ತಿರುವುದೇ ಬೇರೆ. ಗಾಡಿ ಓಡುವ ಸ್ಥಿತಿಯಲ್ಲಿದೆಯೋ ಇಲ್ಲವೋ ನೋಡಿ, ಗಾಜಿಗೆ ತಾರೀಕು ಹಾಕಿದ ಚೀಟಿ ಅಂಟಿಸಿ. ಕದ್ದ ಗಾಡಿಯೇ ಎಂದು ಪೊಲೀಸರು ನಂಬರ್ ಪರೀಕ್ಷಿಸಲಿ. ಮಾಲೀಕನ ಮೊಬೈಲಿಗೂ ಮೆಸೇಜ್ ಹೋಗಲಿ. ಏಳು ದಿನ, ಬೇಕಾದರೆ ಹದಿನೈದು ದಿನ ಕೊಡಿ. ಆಮೇಲೆ ಫೋಟೊ ತೆಗೆದು, ಪಂಚನಾಮೆ ಮಾಡಿ ಯಾರ್ಡಿಗೆ ಸಾಗಿಸಿ. ಯಾರೂ ಬರದಿದ್ದರೆ ಹರಾಜು ಹಾಕಿ, ಇಲ್ಲವೇ 2021ರ ನಿಯಮಗಳ ಪ್ರಕಾರ ನೋಂದಾಯಿತ ವಾಹನ ಗುಜರಿ ಕೇಂದ್ರಕ್ಕೆ ಕೊಡಿ.

2025ರ ಸೆಪ್ಟೆಂಬರ್‌ನಿಂದ ನಮ್ಮ ಒಂದು ಪಾಲಿಕೆ ಐದಾಗಿದೆ. ಐದಕ್ಕೂ ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಇದೆ. ಐದೂ ಕಡೆ ಒಂದೇ ನಿಯಮ ಇರಲಿ, ಇಲ್ಲದಿದ್ದರೆ ಇಲ್ಲಿನ ಗುಜರಿ ಗಾಡಿ ರಾತ್ರೋರಾತ್ರಿ ಪಕ್ಕದ ಪಾಲಿಕೆಯ ಬೀದಿಗೆ ಹೋಗುತ್ತದೆ. ಪ್ರತಿ ಪಾಲಿಕೆಗೂ ಒಂದು ಯಾರ್ಡ್, ಅದಕ್ಕೆ ಹೊಣೆಗಾರರಾದ ಒಬ್ಬ ಅಧಿಕಾರಿ, ಅವರ ಹೆಸರು, ಫೋನ್ ನಂಬರ್ ವಾರ್ಡ್ ಕಚೇರಿಯ ಗೋಡೆ ಮೇಲೆ. ಪ್ರಾಧಿಕಾರದ ಮುಂದಿನ ಸಭೆಯಲ್ಲಿ ಇದನ್ನು ತೆಗೆದುಕೊಳ್ಳಿ ಎಂದು ಕೈಮುಗಿದು ಕೇಳುತ್ತೇನೆ.

ಓಮ್ನಿ ಎತ್ತುವ ದಿನ ದಯವಿಟ್ಟು ಸ್ವಲ್ಪ ಡಾಂಬರನ್ನೂ ಕಳಿಸಿಕೊಡಿ. ಅದರ ಕೆಳಗಿನ ರಸ್ತೆ ಎರಡು ಇಂಚು ತಗ್ಗಿನಲ್ಲಿದೆ. ಕತ್ತಲಲ್ಲಿ ಬೈಕಿನವರು ಬೀಳುತ್ತಾರೆ.

ಇಂತಿ,
ಓಮ್ನಿ ನಿಂತ ಬೀದಿಯ ಒಬ್ಬ ನಿವಾಸಿ