ಲೇಬಲ್‌ನ ಲೇಯರ್‌ಗಳನ್ನು ಲೇಯರ್‌ಗಳಾಗಿಯೇ ಕಾಪಿ ಮಾಡಿ

ಮಾನ್ಯ ಸಂಪಾದಕರೇ,

ಚಿಕ್ಕಮಗಳೂರಿನ ಅಂಗಡಿಗಳಲ್ಲಿ ಸಿಗುವ ಕೆಲವು ಕಾಫಿಪುಡಿ ಪ್ಯಾಕೆಟ್‌ಗಳನ್ನು ಬೆಳಕಿಗೆ ಹಿಡಿದರೆ ನಿವ್ವಳ ತೂಕ ಬರೆದ ಜಾಗದಲ್ಲಿ ಒಂದು ಚೌಕ ಕಾಣುತ್ತದೆ. ಅದರ ಬಣ್ಣ ಸುತ್ತಲಿನ ಕಂದು ಬಣ್ಣಕ್ಕಿಂತ ತುಸು ಬೇರೆ. 250 ಗ್ರಾಂ ಎಂದಿದ್ದುದರ ಮೇಲೆ ತೇಪೆ ಹಾಕಿ 500 ಗ್ರಾಂ ಎಂದು ಬರೆದ ಗುರುತು ಅದು. ತಪ್ಪು ಪ್ರೆಸ್ಸಿನದಲ್ಲ. ಒಂದು ಫೈಲ್‌ನ ಡಿಸೈನನ್ನು ಇನ್ನೊಂದಕ್ಕೆ ಒಯ್ಯುವಾಗ, ಅಕ್ಷರ, ಫೋಟೋಗಳನ್ನು ಬೇರೆ ಬೇರೆಯಾಗಿ ಹಿಡಿದಿಡುವ ಪದರಗಳಾದ ಲೇಯರ್‌ಗಳೆಲ್ಲ ಒಂದೇ ಚಿತ್ರವಾಗಿಬಿಟ್ಟಿವೆ, ಆಮೇಲೆ ಅಕ್ಷರ ತಿದ್ದಲು ತೇಪೆಯೊಂದೇ ದಾರಿ.

ಇದು ಬರೀ ಅಂದಚೆಂದದ ಮಾತಲ್ಲ. ಕಾಫಿ–ಚಿಕೋರಿ ಮಿಶ್ರಣದಲ್ಲಿ ಕಾಫಿ ಶೇ 51ಕ್ಕಿಂತ ಕಡಿಮೆ ಇರಬಾರದು, ಎರಡರ ಪ್ರಮಾಣವನ್ನೂ ಪೊಟ್ಟಣದ ಮೇಲೆ ನಮೂದಿಸಬೇಕು ಎಂಬುದು ನಿಯಮ. 80:20 ಪುಡಿಯ ಲೇಬಲ್ಲಿನಿಂದ 70:30ರ ಲೇಬಲ್ ತಯಾರಿಸುವಾಗ ಹಳೆಯ ಅಂಕಿ ಎಲ್ಲೋ ಒಂದು ಕಡೆ ಉಳಿದುಬಿಟ್ಟರೆ ಮಾರುವವರೇ ಉತ್ತರ ಹೇಳಬೇಕಾಗುತ್ತದೆ. ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾಗಳಿಗೆ 2019ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿದೆ. ಅಂಥ ಹೆಸರನ್ನು ಹೊತ್ತ ಪ್ಯಾಕೆಟ್ಟಿನ ಅಕ್ಷರ ಮಸುಕಾಗಿರಬಾರದು.

ಇಂಥ ಡಿಸೈನ್ ಮಾಡುವ ಫೋಟೋಶಾಪ್ ತಂತ್ರಾಂಶವನ್ನು ಕಲಿಸುವ ಕಡೆ ಹೆಚ್ಚಾಗಿ ಹೇಳಿಕೊಡುವುದು ಕಂಟ್ರೋಲ್ ಎ (ಎಲ್ಲ ಆರಿಸು), ಕಂಟ್ರೋಲ್ ಸಿ (ಕಾಪಿ), ಕಂಟ್ರೋಲ್ ವಿ (ಪೇಸ್ಟ್). ಹೀಗೆ ಮಾಡಿದರೆ ಆ ಹೊತ್ತಿಗೆ ಆರಿಸಿದ್ದ ಒಂದು ಲೇಯರ್ ಮಾತ್ರ ಬರುತ್ತದೆ. ‘ಎಲ್ಲ ಬರಲಿಲ್ಲವಲ್ಲ’ ಎಂದು ಕಂಟ್ರೋಲ್ ಶಿಫ್ಟ್ ಸಿ ಒತ್ತುತ್ತಾರೆ. ಅದು ಕಾಪಿ ಮರ್ಜ್ಡ್. ತೆರೆಯ ಮೇಲೆ ಕಾಣುವುದನ್ನೆಲ್ಲ ಕರಗಿಸಿ ಒಂದೇ ಲೇಯರ್ ಮಾಡಿ ಕೊಡುತ್ತದೆ. ತೇಪೆ ಹುಟ್ಟುವುದು ಇಲ್ಲಿಂದ.

ಸರಿಯಾದ ಕ್ರಮ ಕಷ್ಟದ್ದೇನಲ್ಲ. ಲೇಯರ್ಸ್ ಪ್ಯಾನಲ್‌ನಲ್ಲಿ ಮೊದಲ ಲೇಯರ್‌ನ ಹೆಸರಿನ ಮೇಲೆ ಕ್ಲಿಕ್ ಮಾಡಿ, ಶಿಫ್ಟ್ ಹಿಡಿದು ಕೊನೆಯದರ ಮೇಲೆ ಕ್ಲಿಕ್ ಮಾಡಿದರೆ ನಡುವಿನವೆಲ್ಲ ಸೇರುತ್ತವೆ. ಬಿಡಿಬಿಡಿಯಾಗಿ ಆರಿಸಲು ಕಂಟ್ರೋಲ್ ಹಿಡಿಯಬೇಕು. ಕ್ಲಿಕ್ ಹೆಸರಿನ ಮೇಲೇ ಬೀಳಬೇಕು, ಪಕ್ಕದ ಪುಟ್ಟ ಚಿತ್ರದ ಮೇಲಲ್ಲ. ಕಂಟ್ರೋಲ್ ಹಿಡಿದು ಆ ಚಿತ್ರದ ಮೇಲೆ ಒತ್ತಿದರೆ ಲೇಯರ್ ಸೇರುವುದಿಲ್ಲ, ಅದರ ಆಕಾರದ ಸೆಲೆಕ್ಷನ್ (ಆರಿಸಿದ ಜಾಗದ ಗೆರೆ) ಬರುತ್ತದೆ. ಹೊಸಬರು ಎಡವುವುದು ಇಲ್ಲೇ. ಆರಿಸಿದ್ದನ್ನು ಕಂಟ್ರೋಲ್ ಜಿ ಒತ್ತಿ ಗ್ರೂಪ್ ಮಾಡಿ ಹೆಸರು ಕೊಟ್ಟರೆ ಮುಂದಿನ ಕೆಲಸ ಸಲೀಸು.

ಅದೇ ಫೈಲ್‌ನಲ್ಲಿ ಪ್ರತಿ ಬೇಕಿದ್ದರೆ ಕಂಟ್ರೋಲ್ ಜೆ ಸಾಕು. ಬೇರೆ ಫೈಲ್‌ಗೆ ಆದರೆ ಎರಡನ್ನೂ ತೆರೆದಿಟ್ಟು, ಲೇಯರ್ ಮೆನುವಿನ ಡೂಪ್ಲಿಕೇಟ್ ಆಯ್ಕೆಯಲ್ಲಿ ಯಾವ ಡಾಕ್ಯುಮೆಂಟ್‌ಗೆ ಹೋಗಬೇಕೆಂದು ಸೂಚಿಸಬೇಕು. ಮೂವ್ ಟೂಲ್‌ನಿಂದ ಎಳೆದೂ ಒಯ್ಯಬಹುದು: ಇನ್ನೊಂದು ಫೈಲ್‌ನ ಟ್ಯಾಬ್ ಮೇಲೆ ತಂದು, ಅದು ತೆರೆದುಕೊಳ್ಳುವ ತನಕ ಕಾದು, ಒಳಗಿನ ಹಾಳೆಯ ಮೇಲೆ ಶಿಫ್ಟ್ ಒತ್ತಿಕೊಂಡು ಬಿಡಬೇಕು. ಎರಡೂ ಫೈಲ್‌ಗಳ ಪಿಕ್ಸೆಲ್ ಅಳತೆ ಒಂದೇ ಆಗಿದ್ದರೆ ಲೇಯರ್‌ಗಳು ಇದ್ದ ಜಾಗದಲ್ಲೇ ಕೂರುತ್ತವೆ, ಇಲ್ಲದಿದ್ದರೆ ನಡುಮಧ್ಯಕ್ಕೆ ಬರುತ್ತವೆ.

ಅಳತೆಯ ಲೆಕ್ಕ ಮೊದಲೇ ಹಾಕಿಕೊಂಡಿರಬೇಕು. 6×9 ಇಂಚಿನ ಲೇಬಲ್ ಇಂಚಿಗೆ 300 ಪಿಕ್ಸೆಲ್ ರೆಸಲ್ಯೂಷನ್‌ನಲ್ಲಿ 1800×2700 ಪಿಕ್ಸೆಲ್. 8×12 ಇಂಚಿನದು 2400×3600. ಚಿಕ್ಕದರಿಂದ ದೊಡ್ಡದಕ್ಕೆ ಒಯ್ದ ಮೇಲೆ ಆರಿಸಿದ ಅಷ್ಟನ್ನೂ ಕಂಟ್ರೋಲ್ ಟಿ ಒತ್ತಿ ಒಟ್ಟಿಗೇ ಶೇ 133.33ಕ್ಕೆ ಹಿಗ್ಗಿಸಬೇಕು. ಅಕ್ಷರ, ಶೇಪ್ ಲೇಯರ್‌ಗಳು ಚೂಪಾಗಿಯೇ ಇರುತ್ತವೆ, ಫೋಟೋ ಮಾತ್ರ ಮೆದುವಾಗುತ್ತದೆ. ದೊಡ್ಡ ಮೂಲ ಫೋಟೋ ಇದ್ದರೆ ಅದನ್ನೇ ಹಾಕುವುದು ಒಳ್ಳೆಯದು. ಹೀಗೆ ಹಿಗ್ಗಿಸುವಾಗ ಲೇಯರ್ ಸ್ಟೈಲ್‌ನಿಂದ ಕೊಟ್ಟ ಅಂಚು, ನೆರಳುಗಳು ಜೊತೆಗೆ ಬೆಳೆಯುವುದಿಲ್ಲ. 6 ಪಿಕ್ಸೆಲ್ ಅಂಚು 6ರಲ್ಲೇ ನಿಂತು ದೊಡ್ಡ ಲೇಬಲ್‌ನಲ್ಲಿ ಬಡಕಲಾಗಿ ಕಾಣುತ್ತದೆ. ಲೇಯರ್ ಸ್ಟೈಲ್‌ನ ಸ್ಕೇಲ್ ಎಫೆಕ್ಟ್ಸ್‌ನಲ್ಲಿ 133 ಕೊಟ್ಟರೆ ಅದು 8 ಆಗುತ್ತದೆ.

ಎಲ್ಲ ಲೇಯರ್ ಬಂದರೂ ರೂಪ ಕೆಡುವುದುಂಟು. ಫೋಟೋ ಬೆಳಗಿಸಲು ಹಾಕಿದ ಅಡ್ಜಸ್ಟ್‌ಮೆಂಟ್ ಲೇಯರ್ ಹೊಸ ಫೈಲ್‌ನಲ್ಲಿ ತನ್ನ ಕೆಳಗಿರುವ ಎಲ್ಲದರ ಬಣ್ಣವನ್ನೂ ಬದಲಿಸುತ್ತದೆ. ಅದನ್ನು ಫೋಟೋಗೆ ಮಾತ್ರ ಕಂಟ್ರೋಲ್ ಆಲ್ಟ್ ಜಿ ಒತ್ತಿ ಕ್ಲಿಪ್ ಮಾಡಬೇಕು (ಅಂದರೆ ಅದರ ತಳದ ಲೇಯರ್‌ಗಷ್ಟೇ ಕಟ್ಟಬೇಕು), ಇಲ್ಲವೇ ಎರಡನ್ನೂ ಒಂದು ಗ್ರೂಪ್‌ಗೆ ಹಾಕಿ ಆ ಗ್ರೂಪ್‌ನ ಬ್ಲೆಂಡ್ ಮೋಡ್‌ನಲ್ಲಿ ಪಾಸ್ ಥ್ರೂ ತೆಗೆದು ನಾರ್ಮಲ್ ಮಾಡಬೇಕು. ಕ್ಲಿಪ್ ಆದ ಲೇಯರ್ ಆರಿಸಿ ಅದರ ತಳದ್ದನ್ನು ಮರೆತರೆ ಅಕ್ಷರದೊಳಗೆ ಕೂತಿದ್ದ ಕಾಫಿಬೀಜದ ಚಿತ್ರ ಇಡೀ ಹಾಳೆಗೆ ಹರಡಿಕೊಳ್ಳುತ್ತದೆ. ಮೂಲ ಚಿತ್ರವನ್ನು ತನ್ನೊಳಗೇ ಇಟ್ಟುಕೊಳ್ಳುವ ಲೇಯರ್ ಆದ ಸ್ಮಾರ್ಟ್ ಆಬ್ಜೆಕ್ಟ್‌ಗಂತೂ ವಿಶೇಷ ಎಚ್ಚರ ಬೇಕು. ಅದೇ ಫೈಲ್‌ನಲ್ಲಿ ಕಂಟ್ರೋಲ್ ಜೆ ಒತ್ತಿದರೆ ಎರಡೂ ಪ್ರತಿಗಳ ಮೂಲ ಒಂದೇ ಆಗಿರುತ್ತದೆ: ಒಂದರೊಳಗೆ 70:30 ಎಂದು ತಿದ್ದಿದರೆ ಇನ್ನೊಂದರ 80:20 ಕೂಡ ಬದಲಾಗುತ್ತದೆ. ‘ನ್ಯೂ ಸ್ಮಾರ್ಟ್ ಆಬ್ಜೆಕ್ಟ್ ವಯಾ ಕಾಪಿ’ ಆರಿಸಿದರೆ ಈ ಅಪಾಯವಿಲ್ಲ.

ಇನ್ನು ಕನ್ನಡ ಅಕ್ಷರ. ಕನ್ನಡ ತಂತ್ರಾಂಶ ‘ನುಡಿ’ಯ ಹಳೆಯ, ಯೂನಿಕೋಡ್ (ಎಲ್ಲ ಕಂಪ್ಯೂಟರ್‌ಗಳಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲದ ಫಾಂಟ್‌ನಲ್ಲಿ ಮಾಡಿದ ಲೇಯರ್ ಬೇರೆ ಕಂಪ್ಯೂಟರ್‌ಗೆ ಹೋದಾಗ ಆ ಫಾಂಟ್ ಅಲ್ಲಿಲ್ಲದಿದ್ದರೆ ಎಚ್ಚರಿಕೆಯ ಗುರುತು ಬರುತ್ತದೆ. ಲೆಕ್ಕಿಸದೆ ಬೇರೆ ಫಾಂಟ್ ಕೊಟ್ಟರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ. ಯೂನಿಕೋಡ್ ಫಾಂಟ್‌ಗಾದರೆ ಪ್ಯಾರಾಗ್ರಾಫ್ ಪ್ಯಾನಲ್‌ನ ಮೆನುವಿನಲ್ಲಿ ವರ್ಲ್ಡ್ ರೆಡಿ ಕಂಪೋಸರ್ ಇರಬೇಕು, ಇಲ್ಲದಿದ್ದರೆ ಒತ್ತಕ್ಷರಗಳು ಬಿಡಿಬಿಡಿಯಾಗುತ್ತವೆ. ಆರ್‌ಜಿಬಿ (ತೆರೆಯ ಬಣ್ಣ) ಫೈಲ್‌ನಿಂದ ಸಿಎಂವೈಕೆ (ಮುದ್ರಣದ ನಾಲ್ಕು ಶಾಯಿ) ಫೈಲ್‌ಗೆ ಬಂದ ಕಪ್ಪು ಅಕ್ಷರ ನಾಲ್ಕು ಶಾಯಿಗಳ ಮಿಶ್ರಣವಾಗುತ್ತದೆ. ಮುದ್ರಣದಲ್ಲಿ ಪ್ಲೇಟ್ ಕೂದಲೆಳೆಯಷ್ಟು ಸರಿದರೂ ಸಣ್ಣಕ್ಷರದ ಒತ್ತುಗಳು ಮಸುಕು. ಸಣ್ಣ ಅಕ್ಷರಗಳಿಗೆ ಕಪ್ಪು ಶೇ 100, ಉಳಿದ ಮೂರೂ ಸೊನ್ನೆ ಎಂದು ಕೈಯಾರೆ ತಿದ್ದಬೇಕು.

ಫೋಟೋಶಾಪ್ ಬದಲು ಉಚಿತವಾಗಿ ಸಿಗುವ ಜಿಂಪ್ ತಂತ್ರಾಂಶ ಬಳಸುವವರು ಅದರ 2.10 ಆವೃತ್ತಿಯಲ್ಲಿ ಲೇಯರ್‌ಗಳನ್ನು ಒಂದು ಗ್ರೂಪ್‌ಗೆ ಹಾಕಿ ಆ ಗ್ರೂಪನ್ನೇ ಇನ್ನೊಂದು ಚಿತ್ರದ ಮೇಲೆ ಎಳೆಯಬೇಕು. 2025ರ ಮಾರ್ಚ್‌ನಲ್ಲಿ ಬಂದ 3.0 ಆವೃತ್ತಿಯಲ್ಲಿ ಒಮ್ಮೆಗೇ ಹಲವು ಲೇಯರ್ ಆರಿಸಬಹುದು.

ಜಿಲ್ಲೆಯ ಕಂಪ್ಯೂಟರ್ ತರಬೇತಿ ಕೇಂದ್ರಗಳಲ್ಲಿ ಬಣ್ಣದ ಮಾಯಾಜಾಲ ಕಲಿಸುವ ಮೊದಲೇ ಇದನ್ನು ಕಲಿಸಲಿ. ಪರೀಕ್ಷೆಗೆ ಒಂದು ಲೇಬಲ್ ಕೊಟ್ಟು, ಮೂರು ತೂಕಗಳಿಗೆ ಅದನ್ನು ಬದಲಿಸಿ ತರಲು ಹೇಳಲಿ. ಯಾರಿಗೆ ಎಷ್ಟು ಬಂದಿದೆ ಎಂಬುದು ಅಲ್ಲೇ ಗೊತ್ತಾಗುತ್ತದೆ. ಕಾಫಿಪುಡಿ ಮಾರುವವರು ಡಿಸೈನ್‌ಗೆ ಹಣ ಕೊಡುವಾಗ ಜೆಪಿಜಿ ಮಾತ್ರ ತೆಗೆದುಕೊಳ್ಳದೆ, ಲೇಯರ್ ಸಮೇತ ಪಿಎಸ್‌ಡಿ (ಫೋಟೋಶಾಪ್‌ನ ಮೂಲ) ಫೈಲ್ ಹಾಗೂ ಬಳಸಿದ ಫಾಂಟ್‌ಗಳ ಹೆಸರನ್ನು ಕೇಳಿ ಪಡೆಯಬೇಕು. ಫೈಲ್ ತೆರೆಸಿ, ತೂಕದ ಅಂಕಿಯ ಮೇಲೆ ಟೈಪ್ ಟೂಲ್ ಇಟ್ಟು ತಿದ್ದಲು ಬರುತ್ತದೆಯೇ ಎಂದು ನೋಡಿದ ಮೇಲೆಯೇ ಬಾಕಿ ಹಣ ಕೊಡಲಿ.

— ಡಿಟಿಪಿ ಮತ್ತು ಲೇಬಲ್ ವಿನ್ಯಾಸಕರು, ಚಿಕ್ಕಮಗಳೂರು