ಹಳೆಯ ವಿಡಿಯೊ ಗೇಮ್‌ ಗುಜರಿಗೆ ಬೇಡ

ಮಾನ್ಯರೇ,

ವಿಡಿಯೊ ಗೇಮ್ ಎಂದರೆ ಮಕ್ಕಳು ಹಾಳಾಗುವ ದಾರಿ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ತೊಂಬತ್ತರ ದಶಕದಲ್ಲಿ ಮನೆಯ ಟಿ.ವಿ.ಗೆ ಜೋಡಿಸಿದ ಕ್ಯಾಸೆಟ್ ಗೇಮ್‌ನಲ್ಲಿ ಅಣ್ಣನೂ ನಾನೂ ಇಬ್ಬರು ಜೊತೆಯಾಗಿ ಆಡಬಹುದಾದ ‘ಕಾಂಟ್ರಾ’ ಎಂಬ ಗುಂಡಿನ ಕಾಳಗದ ಆಟ ಆಡುತ್ತಿದ್ದೆವು. ಜಲಪಾತದ ಹಂತದಲ್ಲಿ ಒಬ್ಬ ಅವಸರದಿಂದ ಮೇಲೆ ಹಾರಿದರೆ ಪರದೆಯೂ ಮೇಲೇರಿ, ಕೆಳಗುಳಿದವನು ಸಾಯುತ್ತಾನೆ. ಕಾಯಲೇಬೇಕು. ಅಣ್ಣ ನನಗಾಗಿ ಕಾಯುತ್ತಿದ್ದ. ನನಗೆ ಆಟದ ರುಚಿ ಹತ್ತಿದ್ದೇ ಅಲ್ಲಿ.

1985ರ ‘ಸೂಪರ್ ಮಾರಿಯೊ ಬ್ರದರ್ಸ್’ ಇಡೀ ಆಟ ಕೇವಲ 40 ಕಿಲೋಬೈಟ್! ಅದರಲ್ಲಿ ಜಾಗ ಉಳಿಸಲು ಮೋಡದ ಚಿತ್ರಕ್ಕೇ ಹಸಿರು ಬಣ್ಣ ಕೊಟ್ಟು ಪೊದೆ ಮಾಡಿದ್ದಾರೆ. ಇಂದಿಗೂ ಕೆಲಸ ಮುಗಿಸಿ ಬಂದು ಮಗಳೊಂದಿಗೆ ಆಡುತ್ತೇನೆ. ಶಾಲೆಯ ಕಂಪ್ಯೂಟರ್ ತರಗತಿಗಳಲ್ಲಿ ಮಕ್ಕಳಿಗೆ ಈ ಜಾಣ್ಮೆಯನ್ನು ತೋರಿಸಬೇಕು. ಅಟ್ಟದ ಮೇಲೆ ಹಳೆಯ ಕ್ಯಾಸೆಟ್‌ಗಳಿದ್ದವರು ದಯವಿಟ್ಟು ಅವನ್ನು ಗುಜರಿಗೆ ಹಾಕಬೇಡಿ.

– ಓದುಗ, ದಾವಣಗೆರೆ