ಎಲ್298ಎನ್ ಬೋರ್ಡ್ ಜೋಡಿಸುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಎಲ್298ಎನ್ ಎಂದರೆ ಆರ್ಡುಯಿನೊ (ನಮ್ಮ ಕೋಡ್ ಓಡಿಸುವ ಪುಟ್ಟ ಬೋರ್ಡ್) ಹೇಳಿದಂತೆ ಮೋಟರ್ ನಡೆಸುವ ಡ್ರೈವರ್ ಬೋರ್ಡ್. ಹಳದಿ ಗೇರ್ ಮೋಟರ್ (3–6 ವೋಲ್ಟ್) ಹಾಕಿ ಕಾರು ಮಾಡುತ್ತಿರುವವರು ಪವರ್ ಕೊಡುವ ಮೊದಲು ಇದನ್ನು ಓದಿಕೊಳ್ಳಿ.

ಬ್ಯಾಟರಿ ಪ್ಲಸ್ "12ವಿ" ಸ್ಕ್ರೂಗೆ, ಮೈನಸ್ "ಜಿಎನ್‌ಡಿ" (ಗ್ರೌಂಡ್) ಸ್ಕ್ರೂಗೆ. ಅದೇ ಜಿಎನ್‌ಡಿಯಿಂದ ಆರ್ಡುಯಿನೊ ಜಿಎನ್‌ಡಿಗೆ ಇನ್ನೊಂದು ವೈರ್ ಇರಲೇಬೇಕು. ಇದನ್ನು ಬಿಟ್ಟರೆ ಕೋಡ್ ಎಷ್ಟೇ ಸರಿಯಿದ್ದರೂ ಮೋಟರ್ ಅಲುಗದು, ಇಲ್ಲವೇ ತನಗೆ ತೋಚಿದಂತೆ ತಿರುಗುತ್ತದೆ.

ಈ ಚಿಪ್ ಹಳೇ ಕಾಲದ ಟ್ರಾನ್ಸಿಸ್ಟರ್ ಮಾದರಿಯದು. ಸುಮಾರು 2 ವೋಲ್ಟ್ ತಾನೇ ನುಂಗಿ ಬಿಸಿಯಾಗುತ್ತದೆ. 4 ಪೆನ್ಸಿಲ್ ಸೆಲ್ ಹಾಕಿದರೆ ಮೋಟರ್‌ಗೆ ಸಿಗುವುದು 4 ವೋಲ್ಟ್ ಅಷ್ಟೇ. ಎರಡು 18650 ಲಿಥಿಯಂ ಸೆಲ್ ಸರಣಿಯಲ್ಲಿ (7.4 ವೋಲ್ಟ್) ಹಾಕಿ. ಚೌಕದ 9 ವೋಲ್ಟ್ ಬ್ಯಾಟರಿ ದಯವಿಟ್ಟು ಬೇಡ, ಅದಕ್ಕೆ ಅಷ್ಟು ಕರೆಂಟ್ ಕೊಡುವ ತಾಕತ್ತಿಲ್ಲ.

ವೇಗ ಬದಲಿಸಬೇಕೆಂದರೆ ಇಎನ್‌ಎ, ಇಎನ್‌ಬಿ (ಎರಡು ಮೋಟರ್‌ಗಳ ವೇಗದ ಪಿನ್) ಮೇಲಿನ ಜಂಪರ್ (ಪಿನ್ ಜೋಡಿಸುವ ಪುಟ್ಟ ಟೋಪಿ) ತೆಗೆದು, ಆ ಪಿನ್‌ಗಳನ್ನು ಆರ್ಡುಯಿನೊದ 5 ಮತ್ತು 6ನೇ ಪಿನ್‌ಗೆ ಕೊಡಿ. 9, 10 ಬೇಡ: ಕೋಡಿಗೆ ಸರ್ವೋ ಲೈಬ್ರರಿ (ಸರ್ವೋ ಮೋಟರ್ ನಡೆಸುವ ಸಿದ್ಧ ಕೋಡ್) ಸೇರಿಸಿದರೆ ಆರ್ಡುಯಿನೊ ಊನೋದಲ್ಲಿ ಆ ಪಿನ್‌ಗಳ ಪಿಡಬ್ಲ್ಯುಎಂ (ವೇಗ ಹೊಂದಿಸುವ ಸಂಕೇತ) ನಿಲ್ಲುತ್ತದೆ. ಕೋಡಿನಲ್ಲಿ ವೇಗಕ್ಕೆ (0ಯಿಂದ 255) ಕಡಿಮೆ ಸಂಖ್ಯೆ ಕೊಟ್ಟಾಗ ಮೋಟರ್ ಗುಂಯ್‌ಗುಟ್ಟಿ ನಿಂತರೆ ಕೆಟ್ಟಿದೆ ಎಂದಲ್ಲ. ಮೊದಲು 255 ಕೊಟ್ಟು ಹೊರಡಿಸಿ, ಆಮೇಲೆ ಇಳಿಸಿ.

ಮೋಟರ್ ಹೊರಟಾಗಲೆಲ್ಲ ಆರ್ಡುಯಿನೊ ರೀಸೆಟ್ ಆಗುತ್ತಿದೆಯೇ? ಮೋಟರ್‌ನ ಎರಡು ಕಾಲಿಗೆ ಅಡ್ಡಲಾಗಿ 104 ಎಂದು ಬರೆದಿರುವ (0.1 ಮೈಕ್ರೋಫ್ಯಾರಡ್) ಸೆರಾಮಿಕ್ ಕೆಪಾಸಿಟರ್ ಬೆಸುಗೆ ಹಾಕಿ, ಬ್ಯಾಟರಿ ಚಾರ್ಜ್ ನೋಡಿ.

12 ವೋಲ್ಟ್‌ಗಿಂತ ಹೆಚ್ಚು ಕೊಡುವವರು 5ವಿ ಜಂಪರ್ ತೆಗೆಯಿರಿ, ಇಲ್ಲದಿದ್ದರೆ ಬೋರ್ಡಿನ ರೆಗ್ಯುಲೇಟರ್ (5 ವೋಲ್ಟ್ ಮಾಡಿಕೊಡುವ ಭಾಗ) ಸುಡುತ್ತದೆ. ಜಂಪರ್ ತೆಗೆದ ಮೇಲೆ ಆ 5ವಿ ಸ್ಕ್ರೂಗೆ ಹೊರಗಿನಿಂದ 5 ವೋಲ್ಟ್ ಕೊಡಬೇಕು.